ಹೊಸ್ತಿಲಾಚೆಯ ಆವರಿಕೆ

ಆವರಿಕೆ ಹೂವಿನ ಸಲುವಾಗಿ ನಮ್ಮ ಆಯಿಗೂ ಅವ್ವನಿಗೂ ನಡೆದಷ್ಟು ಜಗಳ ಬೇರೆಯವರ ಮನೆಗಳಲ್ಲಿ ಹೊಲ ಹಂಚಿಕೊಳ್ಳುವಾಗಲೂ ನಡೆದಿರಲಾರದು. ಆಯಿ ಎಂದರೆ ಅಪ್ಪನ ತಾಯಿ, ಮನೆಯ ಯಜಮಾನಿ. ಹೂವೋ, ಯಾರೂ ಬೆಳೆಯದ, ಯಾರೂ ಮಾರದ ಹೂವು. ಸೇಡಂ ಊರಿನ ಹೊರಗೆ ಕಾಲಿಟ್ಟರೆ ಸಾಕು, ಬಂಡಿದಾರಿಯ ಎರಡೂ ಬದಿಗೆ, ಹೊಲದ ಬದುವಿನ ಮೇಲೆ, ಬೀಳು ಬಿದ್ದ ನೆಲದಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ ಹಳದಿ ಗೊಂಚಲು ಹೊತ್ತು ನಿಂತಿರುತ್ತಿತ್ತು. ಆಯಿ ಅದನ್ನು ಹೊನ್ನಾವರಿ ಎನ್ನುತ್ತಿದ್ದಳು. ತಾಂಡೂರಿನ ಆಚೆ ತೆಲುಗು ಮಾತಾಡುವ ಹಳ್ಳಿಯಿಂದ ಸೊಸೆಯಾಗಿ ಬಂದಿದ್ದ ಅವ್ವ ತಂಗೇಡು ಎನ್ನುತ್ತಿದ್ದಳು. ಹೆಸರಿಗೆ ಅವರಿಬ್ಬರೂ ಜಗಳಾಡಲಿಲ್ಲ. ಆ ಹೂವು ವರ್ಷದಲ್ಲಿ ಯಾವ ದಿನ ನಮ್ಮ ಹೊಸ್ತಿಲು ದಾಟಿ ಒಳಗೆ ಬರಬಹುದು ಎಂಬುದೇ ಜಗಳದ ಮೂಲ. ಈಗ ಕೇಳುವವರಿಗೆ ನಗು ಬರಬಹುದು. ನನಗೂ ಬಹಳ ವರ್ಷ ಅದು ನಗುವಿನ ವಿಷಯವೇ ಆಗಿತ್ತು.

ಮನೆ ದೊಡ್ಡದೇನಲ್ಲ. ಬಜಾರದಲ್ಲಿ ಅಪ್ಪನಿಗೆ ಸಣ್ಣದೊಂದು ಬಟ್ಟೆ ಅಂಗಡಿ ಇತ್ತು, ಅದಕ್ಕೆ ತಕ್ಕ ಮನೆ. ಬಾಗಿಲು ದಾಟಿದರೆ ಪಡಸಾಲೆ, ಅದರ ಹಿಂದೆ ನಡುಮನೆ, ನಡುಮನೆಯ ಒಂದು ಪಕ್ಕಕ್ಕೆ ದೇವರ ಜಗಲಿ, ಇನ್ನೊಂದು ಪಕ್ಕಕ್ಕೆ ಅಡಿಗೆಮನೆ, ಅದನ್ನು ದಾಟಿದರೆ ಹಿತ್ತಲು. ನೆಲಕ್ಕೆಲ್ಲ ಶಹಾಬಾದದ ಫರಸಿ ಕಲ್ಲು. ಬೇಸಿಗೆಯ ಮಧ್ಯಾಹ್ನ ಆ ಕಲ್ಲಿನ ಮೇಲೆ ನೀರು ಚಿಮುಕಿಸಿ ಹೊಟ್ಟೆ ಊರಿ ಮಲಗಿದರೆ ಸಿಗುತ್ತಿದ್ದ ಸುಖ ಮುಂದೆ ನನಗೆ ಯಾವ ಹಾಸಿಗೆಯಲ್ಲೂ ಸಿಗಲಿಲ್ಲ. ಆಯಿ ಇರುತ್ತಿದ್ದದ್ದು ನಡುಮನೆಯಲ್ಲಿ. ಅಲ್ಲಿಂದ ಮುಂಬಾಗಿಲೂ ಕಾಣುತ್ತಿತ್ತು, ಹಿತ್ತಲ ಬಾಗಿಲೂ ಕಾಣುತ್ತಿತ್ತು, ಒಲೆಯೂ ಕಾಣುತ್ತಿತ್ತು. ಯಾರು ಬಂದರು, ಏನು ತಂದರು, ಸಾರಿಗೆ ಎಷ್ಟು ಎಣ್ಣೆ ಬಿತ್ತು ಎಂಬುದೆಲ್ಲ ಆಕೆಗೆ ಕುಳಿತಲ್ಲೇ ಗೊತ್ತಾಗುತ್ತಿತ್ತು. ಅವ್ವ ಇರುತ್ತಿದ್ದದ್ದು ಅಡಿಗೆಮನೆಯಲ್ಲಿ. ಕನ್ನಡವನ್ನು ಚೆನ್ನಾಗಿಯೇ ಕಲಿತಿದ್ದಳು, ಆದರೆ ಸಿಟ್ಟು ಬಂದಾಗ, ರೊಟ್ಟಿ ಹೊತ್ತಿದಾಗ, ನಮಗೆ ಜ್ವರ ಬಂದಾಗ ಬಾಯಿಂದ ಬರುತ್ತಿದ್ದದ್ದು ತೆಲುಗೇ. ಆಯಿ ಅದನ್ನು ಕೇಳಿದಾಗಲೆಲ್ಲ ಮೂಗು ಮುರಿಯುತ್ತಿದ್ದಳು. ಮುಂದೆ ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದಾಗ ಸೇಡಂ ಈ ಕಡೆಗೂ ತಾಂಡೂರು ಆ ಕಡೆಗೂ ಹೋದವು. ನಮ್ಮ ಮನೆಯ ಮಟ್ಟಿಗೆ ಆ ಗಡಿ ಅಡಿಗೆಮನೆಯ ಬಾಗಿಲಲ್ಲಿ ಎಂದೋ ಬಿದ್ದಾಗಿತ್ತು.

ಆಯಿಯ ಪ್ರಕಾರ ಹೊನ್ನಾವರಿ ದೀಪಾವಳಿಯ ಹೂವು. ಪಾಡ್ಯದ ದಿನ ನಸುಕಿನಲ್ಲೇ ಎದ್ದು ಹಸಿ ಸಗಣಿಯಲ್ಲಿ ಪುಟ್ಟ ಪುಟ್ಟ ಗೊಂಬೆ ಮಾಡುತ್ತಿದ್ದಳು. ಅವೇ ಪಾಂಡವರು. ಒಂದೊಂದರ ನೆತ್ತಿಗೂ ಹೊನ್ನಾವರಿಯ ಎಸಳು, ಉತ್ತರಾಣಿಯ ಕಡ್ಡಿ ಚುಚ್ಚಿ, ಮೊಸರಿನ ಬೊಟ್ಟಿಟ್ಟು, ಮನೆಯ ಪ್ರತಿ ಹೊಸ್ತಿಲಿನ ಎರಡೂ ಬದಿಗೆ ಕೂಡಿಸುತ್ತಿದ್ದಳು. ಸಗಣಿಗೆ ಯಾಕೆ ಹೂವು ಎಂದು ನಾನು ಕೇಳಿದರೆ ಕೈ ಕೆಲಸ ನಿಲ್ಲಿಸದೆ ಕತೆ ಹೇಳುತ್ತಿದ್ದಳು. ಪಾಂಡವರು ರಾಜ್ಯ ಕಳಕೊಂಡು ಅಡವಿ ಸೇರಿದಾಗ ಮೈಮೇಲೆ ಗುಂಜಿ ಬಂಗಾರ ಇರಲಿಲ್ಲ. ದ್ರೌಪದಿ ಹಬ್ಬದ ದಿನ ಬರಿ ಕೊರಳಲ್ಲಿ ಕುಳಿತದ್ದನ್ನು ನೋಡಲಾರದೆ ಈ ಗಿಡ ತಾನೇ ಬಾಗಿ ಹೂವು ಕೊಟ್ಟಿತು. ಬಡತನದಲ್ಲಿ ಕೈಹಿಡಿದ ಹೂವು ಎಂದು ಅವರು ಅದಕ್ಕೆ ವರ ಕೊಟ್ಟರು, ವರ್ಷದ ಮೊದಲ ಹೂವು ನಮಗೇ ಸಲ್ಲಲಿ ಎಂದರು. ಅದಕ್ಕೇ ಪಾಂಡವರಿಗೆ ಏರಿಸುವ ಮೊದಲು ಹೊನ್ನಾವರಿಯನ್ನು ಮನೆಯೊಳಗೆ ತರಬಾರದು, ತಂದರೆ ಮನೆಗೆ ಕೇಡು. ಈ ಕತೆ ಬೇರೆ ಯಾರ ಬಾಯಲ್ಲೂ ನಾನು ಕೇಳಿಲ್ಲ. ಆಯಿಯ ಅತ್ತೆ ಆಯಿಗೆ ಹೇಳಿದ್ದಳಂತೆ. ಕತೆಯನ್ನಾದರೂ ಮರೆತಾಳು, ನಿಯಮವನ್ನು ಆಯಿ ಮರೆಯುವವಳಲ್ಲ.

ಅವ್ವನ ತವರಿನಲ್ಲಿ ಅದೇ ಹೂವು ಸಾಕ್ಷಾತ್ ದೇವಿ. ಮಾನೌಮಿ ಅಮಾಸಿಯ ದಿನ, ಎಂದರೆ ದಸರೆಗೂ ಮೊದಲು, ಅವರ ಕಡೆ ಬತುಕಮ್ಮನ ಹಬ್ಬ ಶುರುವಾಗುತ್ತದೆ. ಅಗಲವಾದ ಹಿತ್ತಾಳೆಯ ತಟ್ಟೆಗೆ ಕುಂಬಳದೆಲೆ ಹಾಸಿ, ಅದರ ಮೇಲೆ ಸುತ್ತಲೂ ತಂಗೇಡು, ಅದರ ಮೇಲೆ ಜೋಳದ ಹೊಲದಲ್ಲಿ ಸಿಗುವ ಗುನುಗು ಎಂಬ ಬೆಳ್ಳನೆಯ ತೆನೆಹೂವು, ಮತ್ತೆ ತಂಗೇಡು, ಚೆಂಡುಹೂವು, ಹೀಗೆ ಸುತ್ತಿನ ಮೇಲೆ ಸುತ್ತು ಕಿರಿದಾಗುತ್ತ ಗೋಪುರದಂತೆ ಏರಿಸಿ, ತುದಿಗೆ ಅರಿಸಿನದ ಗೌರಮ್ಮನನ್ನು ಇಡುತ್ತಾರೆ. ಸಂಜೆ ಓಣಿಯ ಹೆಂಗಸರೆಲ್ಲ ಅದನ್ನು ನಡುವೆ ಇಟ್ಟು ಚಪ್ಪಾಳೆ ತಟ್ಟಿ ಹಾಡುತ್ತ ಸುತ್ತುತ್ತಾರೆ. ಹಬ್ಬದ ಕೊನೆಯ ದಿನ ರೊಟ್ಟಿ ಪುಡಿಗೆ ಬೆಲ್ಲ ಬೆರೆಸಿದ ಮಲೀದದ ಉಂಡೆ ಹಂಚಿ ಅದನ್ನು ಕೆರೆಗೆ ಬಿಡುತ್ತಾರೆ. ಅದರ ಕತೆಯನ್ನು ಅವ್ವ ಒಲೆಯ ಮುಂದೆ ಹೇಳುತ್ತಿದ್ದಳು. ಒಬ್ಬ ತಾಯಿಗೆ ಹುಟ್ಟಿದ ಮಕ್ಕಳೆಲ್ಲ ಸಾಯುತ್ತಿದ್ದವು. ಕೊನೆಗೊಂದು ಹೆಣ್ಣು ಹುಟ್ಟಿತು. ಊರ ಹೆಂಗಸರು ಕೈಗೆ ಸಿಕ್ಕ ಅಡವಿ ಹೂವನ್ನೆಲ್ಲ ತಂದು ಕೂಸಿನ ಸುತ್ತ ಒಟ್ಟಿ, ತಾಯೀ ಬದುಕು, ತಾಯೀ ಬದುಕು ಎಂದು ಹಾಡಿದರು. ಕೂಸು ಉಳಿಯಿತು. ಹಬ್ಬದ ಹೆಸರಿಗೂ ಅದೇ ಅರ್ಥ. ಗಂಡುಮಕ್ಕಳಿಗಾಗಿ ಬೇಡುವ ಹಬ್ಬಗಳು ಬೇಕಾದಷ್ಟಿವೆ, ಹೆಣ್ಣು ಕೂಸು ಬದುಕಲಿ ಎಂದು ಬೇಡುವ ಹಬ್ಬ ಇದೊಂದೇ ಎಂದು ಅವ್ವ ಹೆಮ್ಮೆಯಿಂದ ಹೇಳುತ್ತಿದ್ದಳು. ನನಗಿಂತ ಮೊದಲು ಆಕೆಗೆ ಇಬ್ಬರು ಹುಟ್ಟಿ ತೀರಿಕೊಂಡಿದ್ದರು ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಆಯಿ ಮಾತ್ರ ಇದನ್ನೆಲ್ಲ ಕೇಳಿ, ನಾವು ಸಗಣಿಗೆ ಚುಚ್ಚುವ ಹೂವು ಇವರಿಗೆ ದೇವರಂತೆ ಎಂದು ನಗುತ್ತಿದ್ದಳು. ಅವ್ವ ಬಿಡುತ್ತಿರಲಿಲ್ಲ. ನಾವು ತಲೆಯ ಮೇಲೆ ಹೊರುವ ದೇವಿಯನ್ನು ಇವರು ಸಗಣಿಯಲ್ಲಿ ನಡುತ್ತಾರೆ ಎಂದು ಪಾತ್ರೆಗಳಿಗೆ ಹೇಳಿದಂತೆ ಹೇಳುತ್ತಿದ್ದಳು. ಈ ಇಬ್ಬರ ನಡುವೆ ಸಿಕ್ಕ ಅಪ್ಪ ಜಾಣ. ಜಗಳ ಬಿಡಿಸುವ ಧೈರ್ಯ ಇಲ್ಲದವರಿಗೆ ಬರುವ ಜಾಣತನ ಅವನಿಗೆ ಹೇರಳವಾಗಿತ್ತು. ಮಾನೌಮಿ ಅಮಾಸಿ ಹತ್ತಿರ ಬಂತೆಂದರೆ ಅವ್ವನನ್ನೂ ನನ್ನನ್ನೂ, ಆಮೇಲೆ ಹುಟ್ಟಿದ ತಂಗಿ ಚಂದುವನ್ನೂ ರೈಲು ಹತ್ತಿಸಿ ತಾಂಡೂರಿನ ಕಡೆ ಕಳಿಸಿಬಿಡುತ್ತಿದ್ದ. ಹೂವು ಅಲ್ಲಿ ಗೋಪುರವಾಗುತ್ತಿತ್ತು, ನಾವು ದಸರೆಗೆ ಮರಳುತ್ತಿದ್ದೆವು, ದೀಪಾವಳಿಗೆ ಇಲ್ಲಿ ಪಾಂಡವರ ತಲೆಯೇರುತ್ತಿತ್ತು. ರೈಲು ಸೇಡಂ ಬಿಟ್ಟು ಸ್ವಲ್ಪ ಹೊತ್ತಿಗೆ ಅವ್ವ ತಲೆಯ ಮೇಲಿನ ಸೆರಗು ಸರಿಸಿ, ಕಿಟಕಿಗೆ ಮುಖ ಕೊಟ್ಟು, ಪಕ್ಕದವರ ಜೊತೆ ತೆಲುಗಿನಲ್ಲಿ ದೊಡ್ಡ ದನಿಯಿಂದ ಮಾತಿಗೆ ಇಳಿಯುತ್ತಿದ್ದಳು. ಅಷ್ಟು ದೊಡ್ಡ ದನಿ ಆಕೆಗಿದೆ ಎಂಬುದೇ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಿಜಾಮರ ಆಳಿಕೆ ಮುಗಿದ ವರ್ಷ ಆ ರೈಲು ಪ್ರಯಾಣವೂ ಮುಗಿಯಿತು. ಆ ಮಳೆಗಾಲವೆಲ್ಲ ನಮ್ಮ ಸೀಮೆಯಲ್ಲಿ ಗದ್ದಲ. ಮೊದಲು ರಜಾಕಾರರ ಭಯ, ಆಮೇಲೆ ದಂಡು ಬಂತು, ದಂಡಿನ ಹಿಂದೆ ಸೇಡು ಬಂತು. ನಮ್ಮ ಓಣಿಯಲ್ಲೇ ಮೊದಲು ಹಿಂದೂಗಳ ಮನೆಗಳಿಗೆ ಬೀಗ ಬಿದ್ದವು, ಆಮೇಲೆ ಮುಸಲ್ಮಾನರ ಮನೆಗಳಿಗೆ. ಕೆಲವು ಬೀಗಗಳು ತೆರೆದವು, ಕೆಲವು ತುಕ್ಕು ಹಿಡಿದವು. ಅವ್ವನಿಗೆ ತವರೆಂದು ಉಳಿದಿದ್ದವನು ಒಬ್ಬನೇ ತಮ್ಮ. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೈದರಾಬಾದ್ ಶಹರಕ್ಕೆ ಹೋದವನು ಹಳ್ಳಿಗೆ ಮರಳಲಿಲ್ಲ. ಮನೆ ಬಿದ್ದು ಹೋಗಿದೆ, ಸದ್ಯಕ್ಕೆ ಬರಬೇಡ ಎಂದು ಯಾರ ಕೈಯಲ್ಲೋ ಹೇಳಿ ಕಳಿಸಿದ. ಆ ಮಾತು ಕೇಳಿದ ದಿನ ಅವ್ವ ಎಂದಿನಂತೆ ರೊಟ್ಟಿ ಬಡಿದಳು. ಎಲ್ಲರಿಗೂ ಬಡಿಸಿ ತಾನು ಉಣ್ಣಲಿಲ್ಲ, ಅಷ್ಟೇ. ಅಮಾಸಿ ಹತ್ತಿರ ಬಂದಾಗ ಬತುಕಮ್ಮನನ್ನು ಇಲ್ಲೇ ಕಟ್ಟುತ್ತೇನೆ ಎಂದಳು. ಆಯಿ ಆಗದು ಎಂದಳು. ಊಟದ ಹೊತ್ತಿಗೆ ಶುರುವಾದ ಮಾತು ಸಂಜೆಯವರೆಗೂ ನಡೆದು, ಅಪ್ಪ ಅಂಗಡಿಗೆ ಓಡಿಹೋಗಿ, ಕೊನೆಗೆ ಒಂದು ರಾಜಿಯಾಯಿತು. ಹೂವು ಹೊಸ್ತಿಲು ದಾಟಬಾರದು ಅಷ್ಟೇ ತಾನೆ, ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಕಟ್ಟುತ್ತೇನೆ ಎಂದು ಅವ್ವ ಹೇಳಿದಳು. ಹಿತ್ತಲು ಮನೆಯೊಳಗೆ ಬರುತ್ತದೋ ಹೊರಗೆ ಬರುತ್ತದೋ ಎಂದು ಆಯಿ ಬಹಳ ಯೋಚಿಸಿದಳು. ಆಮೇಲೆ ಅದು ದನ ಕಟ್ಟುವ ಜಾಗ, ಹೊರಗೇ ಎಂದು ಒಪ್ಪಿಕೊಂಡಳು.

ಬತುಕಮ್ಮನನ್ನು ಒಬ್ಬಳೇ ಆಡುವಂತಿಲ್ಲ. ಸುತ್ತಲಿಕ್ಕೆ ಜನ ಬೇಕು, ಒಬ್ಬಳು ಹೇಳಿದ ಸಾಲಿಗೆ ಉಳಿದವರು ಸೊಲ್ಲು ಸೇರಿಸಬೇಕು. ನಮ್ಮ ಓಣಿಯ ಹೆಂಗಸರು ಗೋಡೆಯಾಚೆಯಿಂದ ಇಣುಕಿ ನೋಡಿದರೇ ಹೊರತು ಆಯಿಗೆ ಹೆದರಿ ಯಾರೂ ಒಳಗೆ ಬರಲಿಲ್ಲ. ಅವ್ವನ ಜೊತೆ ಸುತ್ತಿದವರು ನಾನು ಮತ್ತು ಚಂದು ಇಬ್ಬರೇ. ನನಗೋ ನಾಚಿಕೆ. ಗೋಡೆಯ ಮೇಲಿನ ತಲೆಗಳನ್ನು ನೋಡುತ್ತ ಕೈಗೆ ಕೈ ತಾಗಿಸಿದಂತೆ ಮಾಡಿ ಸುತ್ತುತ್ತಿದ್ದೆ. ಚಂದು ಹಾಗಲ್ಲ. ಇನ್ನೂ ಮಾತು ಸರಿಯಾಗಿ ಬಾರದ ವಯಸ್ಸಿನಲ್ಲೇ ಅವ್ವನ ಹಾಡನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ಬಾಗಿ ಚಪ್ಪಾಳೆ ತಟ್ಟಬೇಕಾದಲ್ಲಿ ನೆಲಕ್ಕೆ ಹಣೆ ತಾಗುವಷ್ಟು ಬಾಗಿ, ಒಮ್ಮೊಮ್ಮೆ ಮುಗ್ಗರಿಸಿ ಬಿದ್ದು, ಎದ್ದು ಮತ್ತೆ ಸುತ್ತಿನಲ್ಲಿ ಸೇರಿಕೊಳ್ಳುತ್ತಿದ್ದಳು. ಹೂವು ತರಲು ಅವ್ವ ಬಂಡಿದಾರಿಗೆ ಹೊರಟರೆ ಚಂದು ಸೆರಗು ಹಿಡಿದು ಮುಂದೆ. ತಂಗೇಡು ಯಾವುದು, ಮೊಗ್ಗು ಬಿಡಿಸದೆ ಗೊಂಚಲು ಹೇಗೆ ಮುರಿಯಬೇಕು ಎಂಬುದೆಲ್ಲ ಆಕೆಗೆ ಗೊತ್ತಿತ್ತು. ಅವರಿಬ್ಬರೂ ತೆಲುಗಿನಲ್ಲೇ ಮಾತಾಡಿಕೊಳ್ಳುತ್ತಿದ್ದರು. ನಾನು ಆಯಿಯ ಮಗ್ಗುಲಲ್ಲಿ ಬೆಳೆದವಳು, ನನಗೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ಯಾರೂ ಹೇಳದೆಯೇ ಒಂದು ಹಂಚಿಕೆ ಆಗಿತ್ತು. ನಾನು ಆಯಿಯ ಮೊಮ್ಮಗಳು, ಚಂದು ಅವ್ವನ ಮಗಳು. ಅದರಿಂದ ನನಗೆ ಹೊಟ್ಟೆಕಿಚ್ಚು ಆಗುತ್ತಿರಲಿಲ್ಲ ಎಂದರೆ ಸುಳ್ಳಾದೀತು.

ಎರಡು ಮೂರು ವರ್ಷ ಹೀಗೇ ಹಿತ್ತಲಿನ ಹಬ್ಬ ನಡೆಯಿತು. ಆಯಿ ಆ ಹೊತ್ತಿಗೆ ಬೇಕೆಂದೇ ದೇವರ ಜಗಲಿಯ ಮುಂದೆ ಬೆನ್ನು ತಿರುಗಿಸಿ ಕೂತಿರುತ್ತಿದ್ದಳು. ಕೊನೆಯ ದಿನದ ಮಲೀದ ಮಾತ್ರ ತಿನ್ನುತ್ತಿದ್ದಳು, ಇದು ನಮ್ಮ ಮಾದ್ಲಿಯೇ ತಗೋ, ಇದರಲ್ಲೇನು ಹೊಸದು ಎನ್ನುತ್ತ ಇನ್ನೊಂದು ಉಂಡೆಗೆ ಕೈ ಚಾಚುತ್ತಿದ್ದಳು. ಆಮೇಲಿನ ವರ್ಷ ಪಂಚಮಿ ಕಳೆದು ಕೆಲವು ವಾರಕ್ಕೆ ಚಂದುಗೆ ಜ್ವರ ಬಂತು. ಊರ ವೈದ್ಯರ ಕಷಾಯಕ್ಕೆ ಇಳಿದಂತೆ ಮಾಡಿ ಮತ್ತೆ ಏರಿತು. ಅಪ್ಪ ಆಕೆಯನ್ನು ಹೊದಿಕೆಯಲ್ಲಿ ಸುತ್ತಿಕೊಂಡು ವಾಡಿಗೆ ಹೋಗಿ, ಅಲ್ಲಿ ರೈಲು ಬದಲಿಸಿ, ಶಹಾಬಾದದ ಡಾಕ್ಟರರಿಗೆ ತೋರಿಸಿಕೊಂಡು ಬಂದ. ಡಾಕ್ಟರರು ವಿಷಮಜ್ವರ ಎಂದರಂತೆ. ಗಂಜಿಯ ತಿಳಿ ಬಿಟ್ಟು ಏನೂ ಕೊಡಬೇಡಿ, ಎಬ್ಬಿಸಬೇಡಿ, ಹೊರಗೆ ಒಯ್ಯಬೇಡಿ ಎಂದು ಹೇಳಿ ಔಷಧದ ಸೀಸೆ ಕೊಟ್ಟರಂತೆ. ಅಂದಿನಿಂದ ಚಂದು ನಡುಮನೆಯ ಫರಸಿಯ ಮೇಲೆ ಚಾಪೆ ಹಾಸಿ ಮಲಗಿದಳು. ಆಯಿ ಹಗಲೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಇದನ್ನು ಹೇಳಲೇಬೇಕು. ಆಯಿ ಆ ಕೂಸನ್ನು ಪ್ರೀತಿಸಲಿಲ್ಲ ಎಂದು ಯಾರೂ ತಿಳಿಯಬಾರದು.

ಮಾನೌಮಿ ಅಮಾಸಿ ಬಂತು. ಅವ್ವ ಮಧ್ಯಾಹ್ನ ಒಬ್ಬಳೇ ಹೋಗಿ ಹೂವು ತಂದು ಹಿತ್ತಲಲ್ಲಿ ಬತುಕಮ್ಮನನ್ನು ಕಟ್ಟಲು ಕೂತಳು. ಒಳಗೆ ಚಂದುಗೆ ಎಚ್ಚರವಾಯಿತು. ಹೂವಿನ ವಾಸನೆ ಬಂತೋ, ಅವ್ವನ ಬಳೆಯ ಸದ್ದು ಕೇಳಿತೋ, ಹಬ್ಬ ಎಂದು ಹೇಗೋ ತಿಳಿದುಕೊಂಡು ಬತುಕಮ್ಮನನ್ನು ನೋಡಬೇಕು ಎಂದು ಹಟ ಹಿಡಿದಳು. ಹಟ ಎಂದರೆ ಅಳುವಷ್ಟು ಶಕ್ತಿಯೂ ಇರಲಿಲ್ಲ, ಅದನ್ನೇ ಮೆಲ್ಲಗೆ ಹೇಳುತ್ತಲೇ ಇದ್ದಳು. ಹೊರಗೆ ಒಯ್ಯುವಂತಿಲ್ಲ. ನಾನು ಓಡಿಹೋಗಿ ಅವ್ವನಿಗೆ ಹೇಳಿದೆ. ಅವ್ವ ಅರ್ಧ ಕಟ್ಟಿದ ಬತುಕಮ್ಮನನ್ನು ತಟ್ಟೆಯ ಸಮೇತ ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಅಷ್ಟರಲ್ಲಿ ಆಯಿ ನಡುಮನೆಯಿಂದ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಿದ್ದಳು. ಅಪ್ಪ ಪಡಸಾಲೆಯಲ್ಲಿದ್ದ. ಎಲ್ಲ ಕೇಳಿಸುವಷ್ಟು ಹತ್ತಿರದಲ್ಲಿ ಇದ್ದ. ಆಯಿ ದನಿ ಏರಿಸಲಿಲ್ಲ, ಅವ್ವನನ್ನು ಹೆಸರು ಹಿಡಿದು ಹೇಳಿದಳು.

“ದೀಪಾಳಿ ಆಗಲಿ ರಾಜವ್ವ. ಪಾಂಡವರಿಗಿ ಏರಿಸದೇ ಈ ಹೂವ ಒಳಗ ಬಂದ್ರ ಮನಿಗಿ ಕೇಡು. ಮಲಗಿದ ಕೂಸಿನ ಮ್ಯಾಲೇ ಬರ್ತದ.”

ಅವ್ವ ಬೇಡಿಕೊಂಡಳು. ಆಕೆ ಆಯಿಯ ಮುಂದೆ ಬೇಡಿಕೊಂಡದ್ದನ್ನು ನಾನು ಅದೊಂದೇ ಸಲ ನೋಡಿದ್ದು.

“ಕೂಸೇ ಕೇಳಲಿಕತ್ತದರಿ ಅತ್ತಿ. ಭಾಳ ಹೊತ್ತ ಇಡಂಗಿಲ್ರಿ. ಒಂದು ಸಲ ಕಣ್ಣಿಗಿ ತೋರ್ಸಿ ತಿರುಗಿ ತರ್ತೀನ್ರಿ.”

“ಒಯ್ಯಿ ಹಂಗಾದ್ರ. ಆಮ್ಯಾಲ ಏನರ ಆದ್ರ ನನಗಿ ಹೇಳಬ್ಯಾಡ.”

ಹಾಗೆಂದು ಆಯಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ದಾರಿ ತೆರೆದಿತ್ತು. ಅವ್ವ ಒಂದು ಕಾಲು ಎತ್ತಿ ಹೊಸ್ತಿಲ ಮೇಲೆ ಇಟ್ಟಳು. ಅಡ್ಡ ನಿಂತಿದ್ದರೆ ಅವ್ವ ಆಯಿಯನ್ನು ದಾಟಿಕೊಂಡು ಹೋಗುತ್ತಿದ್ದಳೋ ಏನೋ. ಆದರೆ ಆ ಮಾತನ್ನು ದಾಟುವುದು ಆಕೆಯಿಂದ ಆಗಲಿಲ್ಲ. ಇಬ್ಬರನ್ನು ಕಳಕೊಂಡವಳು ಇನ್ನೊಂದು ಕೂಸಿನ ಮೇಲೆ ಹೇಗೆ ಪಣ ಕಟ್ಟಿಯಾಳು? ತನ್ನ ದೇವಿ ನಿಜವೋ ಅತ್ತೆಯ ಪಾಂಡವರು ನಿಜವೋ ಎಂದು ಆಕೆ ಅಲ್ಲಿ ನಿಂತು ತೂಗಿ ನೋಡಿದ್ದನ್ನು ನಾನು ಆಕೆಯ ಮುಖದಲ್ಲಿ ಕಂಡೆ. ಒಳಗೆ ಚಂದು ಕರೆಯುತ್ತಲೇ ಇದ್ದಳು. ಅವ್ವ ಕಾಲು ಹಿಂದಕ್ಕೆ ತೆಗೆದುಕೊಂಡಳು. ತಟ್ಟೆಯನ್ನು ಬೇವಿನ ಬುಡದಲ್ಲಿಟ್ಟು, ಕೈ ತೊಳೆದುಕೊಂಡು, ಬರಿಗೈಯಲ್ಲಿ ಒಳಗೆ ಹೋಗಿ, ನಾಳೆ ತೋರಿಸುತ್ತೇನೆ ಎಂದು ತೆಲುಗಿನಲ್ಲಿ ಹೇಳಿದಳು. ಚಂದು ಆಕೆಯ ಕೈ ಮೂಸಿ ನೋಡಿದಳು.

ಬತುಕಮ್ಮನನ್ನು ನೀರಿಗೆ ಬಿಡುವ ದಿನ ಬರುವ ಮೊದಲೇ ಚಂದು ಹೋದಳು. ಬೆಳಗಿನ ಹೊತ್ತು, ಅಪ್ಪ ಪೂಜೆಗೆ ಕೂತಿದ್ದ. ಆಯಿ ಒದ್ದೆ ಬಟ್ಟೆ ಬದಲಿಸಲು ಹೋದವಳು ಬಟ್ಟೆಯನ್ನು ಕೈಯಲ್ಲೇ ಹಿಡಿದು ಕೂತುಬಿಟ್ಟಳು. ಅವ್ವ ಅಳಲಿಲ್ಲ. ಓಣಿಯವರೆಲ್ಲ ಬಂದು ಅತ್ತರು, ಆಯಿ ಎದೆ ಬಡಿದುಕೊಂಡು ಅತ್ತಳು, ಅಪ್ಪ ಗೋಡೆಗೆ ಮುಖ ಮಾಡಿ ಅತ್ತ. ಅವ್ವ ಕೂಸಿನ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಅಂಗಾಲು ಉಜ್ಜುತ್ತಿದ್ದಳು, ಜ್ವರ ಬಂದ ದಿನದಿಂದ ಉಜ್ಜುತ್ತಿದ್ದಂತೆಯೇ. ಮಣ್ಣು ಮಾಡುವ ಜಾಗಕ್ಕೆ ನಮ್ಮನ್ನು ಕರೆದೊಯ್ಯಲಿಲ್ಲ. ಎಷ್ಟೋ ವರ್ಷದ ಮೇಲೆ ಅಪ್ಪ ನನ್ನೊಬ್ಬಳಿಗೇ ಹೇಳಿದ, ಆ ಜಾಗದ ಸುತ್ತ ಎತ್ತ ನೋಡಿದರೂ ಆವರಿಕೆಯೇ ಇತ್ತಂತೆ. ಅದನ್ನು ಅವ್ವನಿಗೆ ಎಂದೂ ಹೇಳಬೇಡ ಎಂದ. ನಾನು ಹೇಳಲಿಲ್ಲ.

ಈಗ ನನಗೆ ತಿಳಿಯುತ್ತದೆ. ಅದು ಟೈಫಾಯ್ಡ್. ಹೂವು ಒಳಗೆ ಬಂದಿದ್ದರೂ ಹೋಗುತ್ತಿದ್ದಳು, ಬರದಿದ್ದರೂ ಹೋದಳು. ಆಗಿನ ಕಾಲಕ್ಕೆ ನಮ್ಮ ಸೀಮೆಯಲ್ಲಿ ಆ ಜ್ವರಕ್ಕೆ ಮಕ್ಕಳನ್ನು ಕಳಕೊಳ್ಳದ ಮನೆ ಕಡಿಮೆ. ಆದರೆ ಆ ಮನೆಯಲ್ಲಿ ಹಾಗೆ ಯಾರು ಯೋಚಿಸಬೇಕು? ಹೂವು ಹೊಸ್ತಿಲು ದಾಟಲಿಲ್ಲ, ಆದರೂ ಕೇಡಾಯಿತು. ಆಯಿಯ ನಿಯಮ ಕೂಸನ್ನು ಕಾಯಲಿಲ್ಲ. ದೇವಿಯನ್ನು ಬಾಗಿಲಲ್ಲಿ ನಿಲ್ಲಿಸಿ ತಿರುಗಿ ಕಳಿಸಿದ್ದು ತಾನೇ ಎಂದು ಅವ್ವನಿಗೆ ಅನಿಸಿತು, ತಿರುಗಿ ಕಳಿಸುವಂತೆ ಮಾಡಿದ್ದು ತಾನು ಎಂದು ಆಯಿಗೆ ಅನಿಸಿತು. ಇದನ್ನು ಅವರು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಲಿಲ್ಲ. ಆ ವರ್ಷ ಸಾವಿನ ಮನೆ ಎಂದು ದೀಪಾವಳಿಗೆ ಪಾಂಡವರನ್ನು ಮಾಡಲಿಲ್ಲ. ಜಗಳ ನಿಂತುಹೋಯಿತು. ಜಗಳವಿಲ್ಲದ ಮನೆ ಅಷ್ಟು ಭಯಂಕರವಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಅವ್ವ ಕೆಲಸ ಬಿಡಲಿಲ್ಲ. ನೀರು ಸೇದುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಬೇಳೆ ಬೇಯಿಸುತ್ತಿದ್ದಳು. ಮಾತು ಮಾತ್ರ ಬಿಟ್ಟಳು. ಕನ್ನಡವೂ ಹೋಯಿತು, ತೆಲುಗೂ ಹೋಯಿತು. ಏನಾದರೂ ಬೇಕಾದರೆ ಪಾತ್ರೆ ಮುಂದಿಡುತ್ತಿದ್ದಳು, ಅಷ್ಟೇ. ನನ್ನ ಕೂದಲು ಹೆಣೆಯಲು ಮೊದಮೊದಲು ಕೂಡಿಸಿಕೊಳ್ಳುತ್ತಿದ್ದಳು. ಒಂದು ದಿನ ಹೆಣೆಯುತ್ತ ಹೆಣೆಯುತ್ತ ಕೈ ನಿಂತಿತು. ತಿರುಗಿ ನೋಡಿದರೆ ನನ್ನ ಕೂದಲನ್ನು ಹಿಡಿದುಕೊಂಡು, ಇದು ಯಾರ ಕೂದಲು ಎಂಬಂತೆ ನೋಡುತ್ತಿದ್ದಳು. ಚಂದುವಿನದು ಗುಂಗುರು ಕೂದಲು. ಅಂದಿನಿಂದ ನಾನು ಆಯಿಯ ಹತ್ತಿರವೇ ಹೆಣೆಸಿಕೊಂಡೆ. ಆಯಿ ಕಣ್ಣಿನ ರೆಪ್ಪೆ ಮೇಲೆಳೆಯುವಷ್ಟು ಬಿಗಿಯಾಗಿ ಹೆಣೆಯುತ್ತಿದ್ದಳು. ಉಣ್ಣಲು ಕೊಡುತ್ತಿದ್ದವಳೂ ಆಯಿ, ಸಾಲೆಗೆ ಹೊರಡಿಸುತ್ತಿದ್ದವಳೂ ಆಯಿ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಲ್ಲುವುದನ್ನು ಕಲಿತೆ. ಒಳಗೆ ಹೋದರೆ ಅವ್ವನಿಗೆ ಅಡ್ಡ, ದೂರ ಹೋದರೆ ಅವ್ವ ಕರೆದದ್ದು ಕೇಳಿಸದೆ ಹೋದೀತು. ಆಕೆ ಕರೆಯಲಿಲ್ಲ. ಸಾಲೆಯಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡು ರಕ್ತ ಸುರಿಸಿಕೊಂಡು ಬಂದ ದಿನವೂ ಒಲೆಯ ಕಡೆಯಿಂದ ತಲೆ ಎತ್ತಲಿಲ್ಲ. ಆ ವಯಸ್ಸಿನಲ್ಲಿ ನನಗೆ ತಿಳಿದದ್ದು ಇಷ್ಟು. ಸಾಯಬೇಕಾದವಳು ನಾನಿದ್ದೆ, ತಪ್ಪಿ ಚಂದು ಹೋಗಿದ್ದಾಳೆ, ಅದಕ್ಕೆ ಅವ್ವನಿಗೆ ನನ್ನ ಮುಖ ಬೇಡವಾಗಿದೆ. ಇದನ್ನು ನಾನು ಆಯಿಗೂ ಹೇಳಲಿಲ್ಲ. ಇಂದಿಗೂ ನಾನು ಯಾರ ಮನೆಗೆ ಹೋದರೂ ಮೊದಲು ಬಾಗಿಲ ಪಕ್ಕದಲ್ಲೇ ಕೂಡುತ್ತೇನೆ, ಒಳಗೆ ಬಾ ಎಂದು ಎರಡನೆಯ ಸಲ ಕರೆಯುವವರೆಗೂ ಒಳಗೆ ಹೋಗುವುದಿಲ್ಲ. ಮಕ್ಕಳು ನನ್ನನ್ನು ಬಿಗುಮಾನದವಳು ಎನ್ನುತ್ತಾರೆ. ಎನ್ನಲಿ.

ವರ್ಷ ತುಂಬಿ ಮತ್ತೆ ಮಾನೌಮಿ ಅಮಾಸಿ ಬಂತು. ಆ ದಿನ ಬೆಳಿಗ್ಗೆ ಆಯಿ ಯಾರಿಗೂ ಹೇಳದೆ ಬುಟ್ಟಿ ತೆಗೆದುಕೊಂಡು ಹೊರಗೆ ಹೋದಳು. ಮೊಣಕಾಲು ನೋವೆಂದು ಆಯಿ ಮಠಕ್ಕೆ ಹೋಗುವುದನ್ನೂ ಬಿಟ್ಟು ಎಷ್ಟೋ ಕಾಲವಾಗಿತ್ತು. ಅಪ್ಪ ಗಾಬರಿಯಾಗಿ ಬಜಾರದಲ್ಲೆಲ್ಲ ಹುಡುಕಿ ಬಂದ. ಬಿಸಿಲು ಏರಿದ ಮೇಲೆ ಆಯಿ ಬಂದಳು. ಕಾಗಿಣಾ ಹೊಳೆಯ ದಾರಿಯವರೆಗೂ ಹೋಗಿದ್ದಳಂತೆ. ಸೀರೆಯ ಅಂಚಿಗೆಲ್ಲ ಮುಳ್ಳು ಹತ್ತಿತ್ತು, ಕೈ ಗೀರಿ ರಕ್ತ ಒಣಗಿತ್ತು. ಬುಟ್ಟಿಯ ತುಂಬ ಆವರಿಕೆ. ಕೆಲವನ್ನು ಬೇರು ಸಮೇತ ಕಿತ್ತಿದ್ದಳು. ದೀಪಾವಳಿಗೂ ಬೇರೆಯವರು ತಂದುಕೊಟ್ಟ ಹೂವನ್ನೇ ಏರಿಸಿದವಳು, ಬಿಡಿಸುವುದು ಆಕೆಗೆ ಎಲ್ಲಿ ಬರಬೇಕು. ನಾನು ಅಡಿಗೆಮನೆಯ ಬಾಗಿಲಲ್ಲಿ ನನ್ನ ಜಾಗದಲ್ಲಿ ನಿಂತಿದ್ದೆ. ಆಯಿ ಮುಂಬಾಗಿಲಿನ ಹೊಸ್ತಿಲ ಹತ್ತಿರ ಬಂದು ನಿಂತು ಉಸಿರು ಎಳೆದುಕೊಂಡಳು. ಆಮೇಲೆ ಹೂವಿನ ಬುಟ್ಟಿಯ ಸಮೇತ ಹೊಸ್ತಿಲು ದಾಟಿದಳು. ಪಡಸಾಲೆ ದಾಟಿದಳು, ದೇವರ ಜಗಲಿಯ ಕಡೆ ನೋಡದೆ ನಡುಮನೆ ದಾಟಿದಳು, ನನ್ನ ಪಕ್ಕದಿಂದಲೇ ಅಡಿಗೆಮನೆಗೆ ಹೋಗಿ ಅವ್ವನ ಮುಂದೆ ಬುಟ್ಟಿ ಇಟ್ಟು ನೆಲದ ಮೇಲೆ ಕುಸಿದು ಕೂತಳು. ತಪ್ಪಾಯಿತು ಎನ್ನಲಿಲ್ಲ. ಹಾಗೆ ಹೇಳುವ ಅಭ್ಯಾಸ ಆಕೆಗೆ ಇರಲಿಲ್ಲ.

“ಕಟ್ಟು ರಾಜವ್ವ. ಇಲ್ಲೇ ಕಟ್ಟು, ಮನ್ಯಾಗ.”

ಅವ್ವ ಬುಟ್ಟಿಗೆ ಕೈ ಹಾಕಿದಳು. ಒಂದು ಎಸಳು ಎತ್ತಿಕೊಂಡು ಬೆರಳುಗಳ ನಡುವೆ ಹಿಡಿದು ಮತ್ತೆ ಬುಟ್ಟಿಗೇ ಹಾಕಿದಳು. ಆಮೇಲೆ ಮಾತಾಡಿದಳು. ವರ್ಷದ ಮೇಲೆ ಕೇಳಿದ ಆ ದನಿ ಒಣಗಿ ಸೀಳು ಬಿಟ್ಟಿತ್ತು. ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಂತೆ ಕೇಳಿದಳು.

“ಯಾರ ಸಲುವಾಗಿ ಕಟ್ಲಿರಿ ಅತ್ತಿ? ಬದುಕಂತ ಯಾರಿಗಿ ಹೇಳ್ಲಿ?”

ಆಯಿ ಸುತ್ತ ನೋಡಿದಳು, ನನ್ನನ್ನು ಕಂಡಳು. ಕೂತಲ್ಲಿಂದಲೇ ಕೈ ಚಾಚಿ ನನ್ನ ಲಂಗ ಹಿಡಿದು ಬಾಗಿಲಿನಿಂದ ಒಳಕ್ಕೆ ಎಳೆದಳು. ಆ ಎಳೆತಕ್ಕೆ ನಾನು ಅವ್ವನ ಮುಂದೆ ಬಂದು ಮಂಡಿಯೂರಿ ಬಿದ್ದೆ. ಆಯಿ ಅಳುತ್ತಿದ್ದಳು.

“ಇಕಿಗಿ ಹೇಳು. ನಿನಗ ಇನ್ನೊಬ್ಬಾಕಿ ಮಗಳ ಅದಾಳ. ವರ್ಷ ಆಯ್ತು, ಬಾಗಲದಾಗ ನಿಂತಾಳ.”

ಅವ್ವ ನನ್ನನ್ನು ನೋಡಿದಳು. ಮೊದಲು ಕಾಲು, ಆಮೇಲೆ ಗಿಡ್ಡವಾಗಿದ್ದ ಲಂಗ, ಆಮೇಲೆ ಬಿಗಿಯಾಗಿ ಎಳೆದು ಹೆಣೆದ ಕೂದಲು, ಕೊನೆಗೆ ಮುಖ. ದೂರದ ಊರಿನಿಂದ ಬಂದವರನ್ನು ಗುರುತು ಹಿಡಿಯುವಂತೆ ನೋಡಿದಳು. ನನ್ನ ಗಲ್ಲದ ಮೇಲೆ ಕೈಯಿಟ್ಟಳು. ಆ ಕೈ ಬಿಸಿಯಾಗಿತ್ತು, ಒಲೆಯ ಮುಂದಿನ ಕೈ. ಅಳಬಾರದು, ಅತ್ತರೆ ಈ ಕೈ ಹೋಗಿಬಿಡುತ್ತದೆ ಎಂದು ನಾನು ಉಸಿರು ಬಿಗಿಹಿಡಿದೆ. ಬದುಕು ಎಂದು ಆಕೆ ಹೇಳಲಿಲ್ಲ. ಹಾಡಲಿಲ್ಲ. ಬುಟ್ಟಿಯ ಕಡೆ ಮತ್ತೆ ನೋಡಲೂ ಇಲ್ಲ. ಸೆರಗಿನಿಂದ ನನ್ನ ಮುಖ ಒರೆಸಿ ಕೇಳಿದಳು.

“ಶರಣಿ, ಉಂಡೇನವ್ವ?”

ಉಂಡಿದ್ದೆ. ಬೆಳಿಗ್ಗೆ ಹೊರಡುವ ಮೊದಲು ಆಯಿ ಹಿಡಿದು ಕೂಡಿಸಿ ಹೊಟ್ಟೆ ಬಿರಿಯುವಷ್ಟು ತಿನ್ನಿಸಿ ಹೋಗಿದ್ದಳು. ಆಯಿಗೂ ಅದು ಗೊತ್ತು, ನನ್ನ ಮುಖವನ್ನೇ ನೋಡುತ್ತಿದ್ದಳು.

ಇಲ್ಲ ಎಂದೆ.